ಕಿವಿಯಲ್ಲಿ ಉಳಿದ ಟರ್ಮಿನೇಟರ್

ಕೇಳುಗರಿಗೆ ನಮಸ್ಕಾರ.

90ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಡುಗರಾಗಿದ್ದವರು ನಾಲ್ಕು ಜನ ಸೇರಿದ್ದಾರೆ ಅಂದುಕೊಳ್ಳಿ. ಅಲ್ಲಿ ಹೋಗಿ ಏನೂ ಮಾತಾಡಬೇಡಿ. ಸುಮ್ನೆ ಮೇಜಿನ ಮೇಲೆ ಬೆರಳಿನಿಂದ ಹೀಗೆ ಬಡಿಯಿರಿ. ಡಂ ಡಂ ಡಂ, ಡಂ ಡಂ. ಒಂದೆರಡು ಸಲ ಬಡಿಯುವಷ್ಟರಲ್ಲಿ ಯಾರಾದರೂ ಒಬ್ಬರು ತಲೆ ಎತ್ತುತ್ತಾರೆ. ಆಮೇಲೆ ಅರ್ಧ ಗಂಟೆ ನಿಮಗೆ ಮಾತಾಡಲು ಅವಕಾಶ ಸಿಗುವುದಿಲ್ಲ.

ನಾನು ಹೇಳುತ್ತಿರುವುದು 'ಟರ್ಮಿನೇಟರ್ 2: ಜಡ್ಜ್‌ಮೆಂಟ್ ಡೇ' ಸಿನಿಮಾ ಬಗ್ಗೆ. ಅಮೆರಿಕದಲ್ಲಿ 1991ರ ಜುಲೈನಲ್ಲಿ ತೆರೆ ಕಂಡ ಚಿತ್ರ. ನಿರ್ದೇಶಕ ಜೇಮ್ಸ್ ಕ್ಯಾಮರೂನ್. ಮೊದಲ ಭಾಗ 1984ರಲ್ಲಿ ಬಂದಿತ್ತು, ಕಡಿಮೆ ದುಡ್ಡಿನಲ್ಲಿ ತೆಗೆದದ್ದು. ಎರಡನೆಯದಕ್ಕೆ ಸುಮಾರು 10 ಕೋಟಿ ಡಾಲರ್ ಸುರಿದರು. ಅಲ್ಲಿಯವರೆಗೆ ಅಷ್ಟು ಖರ್ಚಿನ ಸಿನಿಮಾ ಬಂದಿರಲಿಲ್ಲ ಎಂಬುದೇ ಆಗ ದೊಡ್ಡ ಸುದ್ದಿ.

ಈ ಚಿತ್ರದ ಮಾತು ಬಂದರೆ ಎಲ್ಲರೂ ಮೊದಲು ಹೇಳುವುದು ಕಂಪ್ಯೂಟರ್ ಚಮತ್ಕಾರದ ಬಗ್ಗೆ. ಪಾದರಸದಂತೆ ಕರಗಿ, ಮತ್ತೆ ಮನುಷ್ಯನಾಗಿ ಎದ್ದು ನಿಲ್ಲುವ ಆ ಖಳನ ಬಗ್ಗೆ. ಸರಿ, ಅದು ಸಣ್ಣ ಸಾಧನೆಯಲ್ಲ. ಆದರೆ ಎರಡು ಗಂಟೆ ಹದಿನೇಳು ನಿಮಿಷದ ಸಿನಿಮಾದಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ದೃಶ್ಯಗಳು ಎಲ್ಲಾ ಸೇರಿ ಸುಮಾರು ಐದು ನಿಮಿಷ, ಅಷ್ಟೇ. ನನ್ನನ್ನು ಕೇಳಿದರೆ, ನಾವು ಈ ಚಿತ್ರವನ್ನು ಕಣ್ಣಿಗಿಂತ ಜಾಸ್ತಿ ಕಿವಿಯಲ್ಲಿ ಇಟ್ಟುಕೊಂಡಿದ್ದೇವೆ. ರೇಡಿಯೊದಲ್ಲಿ ಕೂತು ಹೇಳುತ್ತಿದ್ದೇನೆ ಅಂತ ನಗಬೇಡಿ. 1992ರ ಮಾರ್ಚ್‌ನಲ್ಲಿ ಈ ಚಿತ್ರಕ್ಕೆ ನಾಲ್ಕು ಆಸ್ಕರ್ ಬಂದವು. ಒಂದು ಮೇಕಪ್‌ಗೆ, ಒಂದು ದೃಶ್ಯ ಚಮತ್ಕಾರಕ್ಕೆ. ಉಳಿದ ಎರಡೂ ಸದ್ದಿಗೆ. ಅದೇ ಸಮಾರಂಭದಲ್ಲೇ ನಮ್ಮ ಸತ್ಯಜಿತ್ ರೇ ಅವರಿಗೆ ಗೌರವ ಆಸ್ಕರ್ ಕೊಟ್ಟದ್ದು.

ನೋಡದವರಿಗೆ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಮುಂದೊಂದು ದಿನ ಯಂತ್ರಗಳಿಗೂ ಮನುಷ್ಯರಿಗೂ ಯುದ್ಧ. ಮನುಷ್ಯರ ನಾಯಕ ಜಾನ್ ಕಾನರ್. ಅವನು ಇನ್ನೂ ಹುಡುಗನಾಗಿರುವಾಗಲೇ ಕೊಲ್ಲಲು ಯಂತ್ರಗಳು ಒಬ್ಬ ಹಂತಕನನ್ನು ಕಾಲದಲ್ಲಿ ಹಿಂದಕ್ಕೆ ಕಳಿಸುತ್ತವೆ. ಹುಡುಗನನ್ನು ಕಾಪಾಡಲು ಮನುಷ್ಯರು ಇನ್ನೊಂದು ಯಂತ್ರವನ್ನು ಕಳಿಸುತ್ತಾರೆ. ಅದು ಅರ್ನಾಲ್ಡ್ ಶ್ವಾರ್ಜ್‌ನೆಗರ್. ಮೊದಲ ಭಾಗದಲ್ಲಿ ಹುಡುಕಿ ಹುಡುಕಿ ಕೊಂದವನೇ ಇಲ್ಲಿ ಕಾವಲುಗಾರ.

ಇಲ್ಲೊಂದು ತಮಾಷೆ ಇದೆ. ನಮ್ಮ ಕಡೆ ಬಹಳ ಜನ ಎರಡನೆಯದನ್ನೇ ಮೊದಲು ನೋಡಿದರು. ಆಮೇಲೆ ವಿಡಿಯೊ ಲೈಬ್ರರಿಯಿಂದ ಮೊದಲ ಭಾಗದ ಕ್ಯಾಸೆಟ್ ತಂದು ಹಾಕಿದರೆ, ತಮ್ಮ ಅರ್ನಾಲ್ಡ್ ಹೋದಲ್ಲೆಲ್ಲ ಜನರನ್ನು ಕೊಲ್ಲುತ್ತಿದ್ದಾನೆ! ನನ್ನ ಗೆಳೆಯನೊಬ್ಬ ಕೊನೆಯವರೆಗೂ ಕಾಯುತ್ತಿದ್ದನಂತೆ, ಈಗ ಒಳ್ಳೆಯವನಾಗುತ್ತಾನೆ, ಈಗ ಆಗುತ್ತಾನೆ ಅಂತ. ಎರಡನೆಯ ಭಾಗದಲ್ಲಿ ಹುಚ್ಚಾಸ್ಪತ್ರೆಯ ಲಿಫ್ಟ್ ಬಾಗಿಲು ತೆರೆದು ಅರ್ನಾಲ್ಡ್ ಹೊರಗೆ ಕಾಲಿಟ್ಟಾಗ, ಹುಡುಗನ ತಾಯಿ ಸಾರಾ ಓಡಿ ಬರುತ್ತಿದ್ದವಳು ಜಾರಿ ಬಿದ್ದು ಹಿಂದಕ್ಕೆ ತೆವಳುತ್ತಾಳೆ. ಮೊದಲ ಭಾಗದಲ್ಲಿ ಅದೇ ರೂಪದ ಯಂತ್ರ ಕೊಲ್ಲಲು ಬೆನ್ನಟ್ಟಿದ್ದು ಈಕೆಯನ್ನೇ, ಅದನ್ನು ನೋಡಿದವರಿಗೆ ಮೈ ಜುಂ ಅನ್ನುವ ಜಾಗ ಅದು. ನೋಡದವರಿಗೆ, ಕಾಪಾಡಲು ಬಂದವನನ್ನು ಕಂಡು ಈಕೆ ಯಾಕೆ ಹೀಗಾಡುತ್ತಾಳೆ ಅನ್ನುವ ಗೊಂದಲ. ಪಕ್ಕದ ಸೀಟಿನವರು ವಿವರಿಸಬೇಕಾಗುತ್ತಿತ್ತು.

ಯಾವ ಟಾಕೀಸಿನಲ್ಲಿ ನೋಡಿದಿರಿ ಅಂತ ಮಾತ್ರ ಕೇಳಬೇಡಿ, ಜಗಳ ಆಗುತ್ತದೆ. ಒಬ್ಬರು ರೆಕ್ಸ್ ಅನ್ನುತ್ತಾರೆ. ಇನ್ನೊಬ್ಬರು ಗ್ಯಾಲಕ್ಸಿ ಅಂತ ಆಣೆ ಮಾಡುತ್ತಾರೆ. ಪ್ಲಾಜಾ ಅನ್ನುವವರಿದ್ದಾರೆ, ಲಿಡೋ ಅನ್ನುವವರೂ ಇದ್ದಾರೆ. ಇಂಗ್ಲಿಷ್ ಸಿನಿಮಾ ಅಂದರೆ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆಗಳ ಸುತ್ತಮುತ್ತ ಅಂತ ಇದ್ದ ಕಾಲ. ನಮ್ಮ ಶ್ರೀರಾಮಪುರದಿಂದ ಬಿಟಿಎಸ್ ಬಸ್ಸು ಹಿಡಿದು ಅಲ್ಲಿಗೆ ಹೋಗುವುದೇ ಫಾರಿನ್‌ಗೆ ಹೋದ ಹಾಗಿತ್ತು. ಇವುಗಳಲ್ಲಿ ರೆಕ್ಸ್ ತುಂಬಾ ದಿನ ಉಳಿದಿತ್ತು. 2018ರ ಕೊನೆಗೆ ಅದೂ ಬಾಗಿಲು ಹಾಕಿತು.

ಇನ್ನು ಭಾಷೆಯ ವಿಷಯ. ನಾನು ಕನ್ನಡ ಮೀಡಿಯಂ. ಟಾಕೀಸಿನಲ್ಲಿ ಕೆಳಗೆ ಅಕ್ಷರ ಓಡುವ ಸೌಲಭ್ಯ ಆಗೆಲ್ಲಿತ್ತು? ಅಮೆರಿಕದವರು ಪಟಪಟ ಅಂತ ಮಾತಾಡಿದರೆ ಅರ್ಧಕ್ಕರ್ಧ ತಲೆ ಮೇಲೆ ಹಾರಿ ಹೋಗುತ್ತಿತ್ತು. ಆದರೆ ಅರ್ನಾಲ್ಡ್ ಮಾತು ಮಾತ್ರ ಪೂರ್ತಿ ಅರ್ಥ ಆಗುತ್ತಿತ್ತು! ಆತ ಹುಟ್ಟಿ ಬೆಳೆದದ್ದು ಆಸ್ಟ್ರಿಯದಲ್ಲಿ, ಇಂಗ್ಲಿಷ್ ಆಮೇಲೆ ಕಲಿತದ್ದು. ಮೇಲಾಗಿ ಯಂತ್ರದ ಪಾತ್ರ. ಮೂರು ಪದ, ನಾಲ್ಕು ಪದ, ಒಂದೊಂದನ್ನೂ ಬಿಡಿಬಿಡಿಯಾಗಿ ಇಟ್ಟು ಹೇಳುತ್ತಾನೆ. ಅವನ ಮಾತಿಗೆ ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ಶಿಳ್ಳೆ ಬಿದ್ದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ. ಇಡೀ ಚಿತ್ರದಲ್ಲಿ ನಮಗೆ ಸಲೀಸಾಗಿ ತಿಳಿದ ಇಂಗ್ಲಿಷ್ ಅಂದರೆ ಆ ಯಂತ್ರದ ಇಂಗ್ಲಿಷ್. ಅವನು ಹೇಳುವ 'ಹಸ್ತಾ ಲಾ ವಿಸ್ತಾ' ಸ್ಪ್ಯಾನಿಷ್, ಮತ್ತೆ ಸಿಗೋಣ ಅಂತ ಅರ್ಥ; ಅದು ಯಾವ ಭಾಷೆ ಅಂತ ಗೊತ್ತಿಲ್ಲದೆಯೇ ಗಲ್ಲಿ ಕ್ರಿಕೆಟ್‌ನಲ್ಲಿ ಔಟಾದವನಿಗೆ ಅದನ್ನು ಹೇಳಿ ಕಳಿಸುತ್ತಿದ್ದೆವು. ಯೆಜ್ಡಿ ಬೈಕಿದ್ದ ಅಣ್ಣಂದಿರು ಕಪ್ಪು ಕನ್ನಡಕ ಏರಿಸಿ, ನಗುವುದನ್ನೇ ನಿಲ್ಲಿಸಿಬಿಟ್ಟರು. ಮೈಸೂರಿನಲ್ಲಿ ತಯಾರಾದ ಯೆಜ್ಡಿಯನ್ನು ಅವರು ಚಿತ್ರದಲ್ಲಿ ಅರ್ನಾಲ್ಡ್ ಓಡಿಸುವ ಹಾರ್ಲೆ ಬೈಕು ಅಂದುಕೊಂಡೇ ಓಡಿಸಿದರು.

ಮಾತು ಪೂರ್ತಿ ತಿಳಿಯದಿದ್ದಾಗ ಕಿವಿ ಬೇರೆಯದನ್ನು ಹಿಡಿಯುತ್ತದೆ. ನಾವಿದ್ದ ವಠಾರದಲ್ಲಿ ಗೋಡೆಯ ಆಚೆ ಮನೆಯವರು ವಿಸಿಆರ್ ಬಾಡಿಗೆಗೆ ತಂದು ರಾತ್ರಿಯೆಲ್ಲ ಕ್ಯಾಸೆಟ್ ಹಾಕುತ್ತಿದ್ದರು. ಒಂದು ರಾತ್ರಿ ಈ ಸಿನಿಮಾ. ನಮ್ಮ ಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತರೆ ಕಥೆ ಎಲ್ಲಿಗೆ ಬಂತು ಅಂತ ಹೇಳಬಹುದಿತ್ತು. ಇದು ಲಾರಿ. ಇದು ಬೈಕು. ಇದು ಅರ್ನಾಲ್ಡ್ ಕೈಯಲ್ಲಿ ಬಂದೂಕು ಒಂದು ಸುತ್ತು ತಿರುಗಿದ್ದು. ನಡುವೆ ಕರೆಂಟ್ ಹೋಯಿತು, ಎರಡೂ ಮನೆಯವರು ಒಟ್ಟಿಗೆ 'ಛೇ' ಅಂದೆವು.

ಆ ಡಂ ಡಂ ಸಂಗೀತ ಬ್ರ್ಯಾಡ್ ಫೀಡೆಲ್ ಅವರದು. ಮೊದಲ ಭಾಗಕ್ಕೆ ಅದನ್ನು ಮಾಡುವಾಗ, ಲೋಹಕ್ಕೆ ಲೋಹ ಬಡಿದಂಥ ಆ ಸದ್ದಿಗೆ ಅವರು ಬಡಿದದ್ದು ಮನೆಯಲ್ಲಿದ್ದ ಎರಕದ ಕಬ್ಬಿಣದ ಬಾಣಲೆಯನ್ನು. ನಮ್ಮ ದೋಸೆ ಕಾವಲಿಯ ಜಾತಿಯದ್ದೇ. ಯಂತ್ರದಲ್ಲಿ ತಾಳದ ಆವರ್ತ ಕೂಡಿಸುವಾಗ ಗುಂಡಿ ಒತ್ತಿದ್ದು ಒಂದು ಚೂರು ಹೆಚ್ಚುಕಡಿಮೆ ಆಗಿ, ಲೆಕ್ಕ ಹದಿಮೂರಕ್ಕೆ ಬಂದು ನಿಂತಿತು. ಅವರು ಅದನ್ನು ತಿದ್ದಲು ಹೋಗಲಿಲ್ಲ. ಮೃದಂಗ ಬಲ್ಲವರಿಗೆ ಕೇಳಿಸಿ ನೋಡಿ, ತೊಡೆ ಮೇಲೆ ತಾಳ ಹಾಕುತ್ತಾ ಹಾಕುತ್ತಾ ಹುಬ್ಬು ಗಂಟಿಕ್ಕುತ್ತಾರೆ.

ಎರಡನೆಯ ಭಾಗದ ಸದ್ದುಗಳ ಹಿಂದೆ ಇದ್ದವರಲ್ಲಿ ಮುಖ್ಯರು ಗ್ಯಾರಿ ರೈಡ್‌ಸ್ಟ್ರಾಮ್. ಅವರ ಮುಂದಿದ್ದ ಸಮಸ್ಯೆ ಯೋಚಿಸಿ. ಕರಗಿದ ಲೋಹ ನಡೆದಾಡಿದರೆ ಹೇಗೆ ಸದ್ದು ಬರುತ್ತದೆ? ಪ್ರಪಂಚದಲ್ಲಿ ಯಾರೂ ಕೇಳಿಲ್ಲ. ಹಿಟ್ಟು ಕಲಸಿದ ನೀರಿಗೆ ಗಾಳಿ ಊದಿ ಗುಳ್ಳೆ ಎಬ್ಬಿಸಿದರು. ಮೈಕಿಗೆ ತೆಳು ರಬ್ಬರ್ ಹೊದಿಸಿ ಅದರೊಳಗೇ ಮುಳುಗಿಸಿ ರೆಕಾರ್ಡ್ ಮಾಡಿದರು. ಖಳನ ಎದೆಗೆ ಗುಂಡು ಬಿದ್ದು ಬೆಳ್ಳಿ ಹೂವಿನಂತೆ ಅರಳುತ್ತದಲ್ಲ, ಅದಕ್ಕೆ ಲೋಟವನ್ನು ಬೋರಲು ಹಿಡಿದು ಮೊಸರಿನ ಬಕೆಟ್ಟಿಗೆ ಗುದ್ದಿದ ಸದ್ದು. ಮೊಸರು! ಇದನ್ನು ನನ್ನ ತಾಯಿಗೆ ಹೇಳಿದಾಗ, ಅಷ್ಟು ಮೊಸರು ದಂಡ ಮಾಡಿದರಾ ಅಂತ ಕೇಳಿದರು.

ನನಗೆ ಎಲ್ಲಕ್ಕಿಂತ ಇಷ್ಟದ್ದು ಕಂಬಿ ಬಾಗಿಲಿನ ದೃಶ್ಯ. ಆಸ್ಪತ್ರೆಯ ಓಣಿಯಂಥ ಜಾಗ. ನಡುವೆ ಕಬ್ಬಿಣದ ಸರಳುಗಳ ಬಾಗಿಲು, ಬೀಗ ಹಾಕಿದೆ. ಆಚೆ ತಾಯಿ, ಮಗ, ಅರ್ನಾಲ್ಡ್. ಈಚೆ ಪೊಲೀಸ್ ಸಮವಸ್ತ್ರದ ಆ ಖಳ ನಡೆದು ಬರುತ್ತಾನೆ. ನಿಲ್ಲುವುದಿಲ್ಲ. ಮುಖವನ್ನೇ ಸರಳುಗಳಿಗೆ ಒತ್ತುತ್ತಾನೆ, ಮುಖ ಸರಳಿನ ಎರಡೂ ಬದಿಯಿಂದ ಹರಿದು ಆಚೆ ಹೋಗಿ ಕೂಡಿಕೊಳ್ಳುತ್ತದೆ. ಹಿಂದೆಯೇ ಭುಜ, ಎದೆ. ಆಗ ಒಂದು ಜಿಗುಟು ಸದ್ದು ಬರುತ್ತದೆ, ನೆನಪಿದೆಯಾ? ನಾಯಿಗೆ ಹಾಕುವ ಡಬ್ಬಿ ಆಹಾರವನ್ನು ಬೋರಲು ಹಿಡಿದಾಗ ಅದು ನಿಧಾನಕ್ಕೆ ಜಾರಿ ಬೀಳುವ ಸದ್ದು ಅದು. ಕೋಟಿಗಟ್ಟಲೆ ಡಾಲರಿನ ಚಿತ್ರದಲ್ಲಿ ಮೈ ನಡುಗಿಸಿದ್ದು ಬೀದಿ ಅಂಗಡಿಯಲ್ಲಿ ಸಿಗುವ ಒಂದು ಡಬ್ಬಿ. ಅಷ್ಟಕ್ಕೇ ಮುಗಿಯಲಿಲ್ಲ. ಮೈಯೆಲ್ಲ ದಾಟಿತು, ಕೈ ಮಾತ್ರ ಹಿಂದೆ ನಿಂತಿತು. ಯಾಕೆ ಅಂದರೆ ಕೈಯಲ್ಲಿದ್ದ ಪಿಸ್ತೂಲು ನಿಜವಾದ ಲೋಹ, ಅದು ಕರಗುವುದಿಲ್ಲ. ಠಣ್ ಅಂತ ಸರಳಿಗೆ ಬಡಿಯಿತು. ಆತ ತಿರುಗಿ ನೋಡುತ್ತಾನೆ. ಮುಂಗೈ ಒಂದು ಚೂರು ತಿರುಗಿಸಿ ಎಳೆದುಕೊಳ್ಳುತ್ತಾನೆ. ಕಂಪ್ಯೂಟರ್ ಎಷ್ಟೇ ಮೋಡಿ ಮಾಡಲಿ, ಆ ಠಣ್ ಇಲ್ಲದಿದ್ದರೆ ನಾವು ನಂಬುತ್ತಿರಲಿಲ್ಲ.

ಆ ಖಳನ ಪಾತ್ರ ಮಾಡಿದವರು ರಾಬರ್ಟ್ ಪ್ಯಾಟ್ರಿಕ್. ಬಾಯಿ ಮುಚ್ಚಿಕೊಂಡು, ಮೂಗಿನಲ್ಲೇ ಉಸಿರಾಡುತ್ತಾ ಜೋರಾಗಿ ಓಡುವುದನ್ನು ಅಭ್ಯಾಸ ಮಾಡಿದ್ದರು. ಬೈಕಿನ ಹಿಂದೆ ಓಡಿದರೂ ಏದುಸಿರಿಲ್ಲ. ಅಂದರೆ ಇಲ್ಲಿ ಸದ್ದು ಇಲ್ಲದಿರುವುದೇ ಹೆದರಿಕೆ.

ಉಸಿರಿನ ಮಾತು ಬಂತು. ಬೆಂಗಳೂರಿನವರಿಗೆ ಹತ್ತಿರವಾಗಬೇಕಾದ ಪಾತ್ರ ಅರ್ನಾಲ್ಡ್ ಅಲ್ಲ, ಮೈಲ್ಸ್ ಡೈಸನ್. ಚಿಪ್ ಎಂಜಿನಿಯರ್, ಮುಂದೆ ಮನುಷ್ಯರ ಮೇಲೆ ಯುದ್ಧಕ್ಕೆ ಬರುವ ಯಂತ್ರಗಳಿಗೆ ಮೂಲ ಅವನ ಕೆಲಸವೇ. ನಟ ಜೋ ಮಾರ್ಟನ್. ಕಚೇರಿಯ ಕೆಲಸವನ್ನು ಮನೆಗೂ ತಂದು ರಾತ್ರಿ ಕಂಪ್ಯೂಟರ್ ಮುಂದೆ ಕೂತಿರುತ್ತಾನೆ. ನಮ್ಮ ಊರಿನಲ್ಲಿ ಇಂಥವರು ಪ್ರತಿ ಬೀದಿಯಲ್ಲೂ ಇದ್ದಾರೆ, ಅಲ್ವಾ? ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಚಿಪ್ ವಿನ್ಯಾಸದ ಕೆಲಸ ಶುರು ಮಾಡಿದ್ದು 1985ರಲ್ಲಿ. ಆದರೆ 1991ರಲ್ಲಿ ನಮ್ಮ ಬೀದಿಯಲ್ಲಿ ಚಿಪ್ಸ್ ಅಂದರೆ ಆಲೂಗಡ್ಡೆ ಚಿಪ್ಸ್. ಆಗ ಡೈಸನ್ ನಮಗೆ ಯಾರೋ ಒಬ್ಬ. ಈಗ ಅದೇ ಗೆಳೆಯರಲ್ಲಿ ಇಬ್ಬರು ಮೂವರು ಚಿಪ್ ಕಂಪನಿಗಳಲ್ಲೇ ಇದ್ದಾರೆ. ಈಗ ಅವರು ಹೇಳುವುದೆಲ್ಲ ಡೈಸನ್ ಬಗ್ಗೆಯೇ. ಮಗನ ರಿಮೋಟ್ ಕಾರು ಕಾಲಿಗೆ ಬಡಿಯಿತು ಅಂತ ಬಗ್ಗುತ್ತಾನೆ, ಅದೇ ಕ್ಷಣ ಸಾರಾ ಅವನ ತಲೆಗೆ ಗುರಿಯಿಟ್ಟು ಹಾರಿಸಿದ ಗುಂಡು ಕಂಪ್ಯೂಟರಿಗೆ ಬೀಳುತ್ತದೆ. ತಾನು ಮಾಡುತ್ತಿರುವ ಕೆಲಸದಿಂದ ಮುಂದೆ ಏನಾಗುತ್ತದೆ ಅಂತ ಗೊತ್ತಾದ ಮೇಲೆ, ಅದನ್ನು ಅಳಿಸಲು ತಾನೇ ಮುಂದೆ ನಿಲ್ಲುತ್ತಾನೆ. ಕೊನೆಗೆ ಗುಂಡು ತಿಂದು ನೆಲದ ಮೇಲೆ ಕೂತು, ಸ್ಫೋಟದ ಗುಂಡಿಯ ಮೇಲೆ ಭಾರದ ತುಂಡೊಂದನ್ನು ಎತ್ತಿ ಹಿಡಿದಿರುತ್ತಾನೆ. ಕೈ ಸೋತರೆ ಕಟ್ಟಡ ಹೋಯಿತು. ಪೊಲೀಸರಿಗೆ ಓಡಿ ಹೋಗಲು ಸಮಯ ಕೊಡುತ್ತಿದ್ದಾನೆ. ಆಗ ಕೇಳುವುದು ಅವನ ಉಸಿರು ಮಾತ್ರ. ಹಾ ಹಾ ಹಾ ಅಂತ ಚಿಕ್ಕ ಚಿಕ್ಕ ಉಸಿರು. ಓಡಿದರೂ ಏದುಸಿರು ಬಿಡದ ಯಂತ್ರವನ್ನು ಅಷ್ಟು ಹೊತ್ತು ನೋಡಿದ ಮೇಲೆ ಈ ಉಸಿರು ಎಲ್ಲಿಗೋ ನಾಟುತ್ತದೆ.

ಚಿತ್ರದ ಪ್ರಕಾರ, ಡೈಸನ್ ಕೆಲಸದಿಂದ ಹುಟ್ಟಿ ಪ್ರಪಂಚವನ್ನೇ ಮುಗಿಸಲು ಹೊರಡುವ ಯಂತ್ರಕ್ಕೆ ಪ್ರಜ್ಞೆ ಬರುವುದು 1997ರ ಆಗಸ್ಟ್ 29ರಂದು, ಅಮೆರಿಕದ ಪೂರ್ವ ಭಾಗದ ಸಮಯ ಬೆಳಗಿನ ಜಾವ 2 ಗಂಟೆ 14 ನಿಮಿಷಕ್ಕೆ. ಲೆಕ್ಕ ಹಾಕಿದರೆ ನಮಗೆ ಬೆಳಗ್ಗೆ 11 ಗಂಟೆ 44 ನಿಮಿಷ. ವಾರ ಶುಕ್ರವಾರ. ಅಂದರೆ ಮೆಜೆಸ್ಟಿಕ್‌ನಲ್ಲಿ ಹೊಸ ಚಿತ್ರಗಳ ಮಾರ್ನಿಂಗ್ ಶೋ ಹೊತ್ತು. ಪ್ರಪಂಚ ಮುಗಿಯುವುದಿದ್ದರೂ ನಮ್ಮವರು ಇಂಟರ್ವಲ್‌ವರೆಗೆ ನೋಡಿಯೇ ಏಳುತ್ತಿದ್ದರು ಅಂತ ಗೆಳೆಯರು ಈಗಲೂ ನಗುತ್ತಾರೆ.

ಆಮೇಲೆ ಇನ್ನೂ ನಾಲ್ಕು ಟರ್ಮಿನೇಟರ್ ಚಿತ್ರಗಳು ಬಂದವು, 2003ರಿಂದ 2019ರವರೆಗೆ. ಅವುಗಳ ಬಗ್ಗೆ ನನ್ನ ಹತ್ತಿರ ಹೇಳುವಂಥದ್ದು ಏನೂ ಇಲ್ಲ. ನಮ್ಮ ಚಿತ್ರ 2017ರಲ್ಲಿ 3ಡಿ ರೂಪದಲ್ಲಿ ಮತ್ತೆ ಹೊರಬಂತು. ನನಗೆ ಹಳೆಯದೇ ಸಾಕು.

ಈಗ ನಿಮ್ಮ ಮಕ್ಕಳಿಗೆ ಇದನ್ನು ತೋರಿಸಬೇಕು ಅನ್ನಿಸಿದರೆ, ಆ ಕರಗುವ ಮನುಷ್ಯನನ್ನು ನೋಡಿ ಅವರು ಬೆರಗಾಗುತ್ತಾರೆ ಅಂತ ಕಾಯಬೇಡಿ. ಅದಕ್ಕಿಂತ ಜಾಸ್ತಿ ಅವರ ಮೊಬೈಲಿನಲ್ಲೇ ಇದೆ. ಒಳ್ಳೆಯ ಹೆಡ್‌ಫೋನ್ ಕೊಡಿ. ಕಂಬಿ ಬಾಗಿಲಿನ ದೃಶ್ಯ ಬಂದಾಗ ಕಣ್ಣು ಮುಚ್ಚಿಕೊಳ್ಳಲು ಹೇಳಿ. ಮೊದಲು ನಾಯಿ ಊಟದ ಡಬ್ಬಿ, ಆಮೇಲೆ ಪಿಸ್ತೂಲು. ಯಾವುದು ಯಾವುದು ಅಂತ ಅವರೇ ಹೇಳಲಿ.

ನಮಸ್ಕಾರ.