ಖಾಲಿ ನಿಲ್ದಾಣದ ಆರು ದನಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಫುಲ್‌ಬ್ರೈಟ್ ಸಂಸ್ಥೆ 2017ರ ಆಗಸ್ಟ್‌ನಲ್ಲಿ ಹೊರತಂದ ‘ಟಕೋಮಾ’ ಎಂಬ ವಿಡಿಯೊ ಗೇಮಿನಲ್ಲಿ ಹೊಡೆದಾಟವಿಲ್ಲ. ಒಂದೆರಡು ಸಂಜೆಗಳಲ್ಲಿ ಮುಗಿಯುವ ಕಥೆಯೊಂದಿದೆ, ಅಷ್ಟೇ.

ಕಥೆ ನಡೆಯುವುದು 2088ರಲ್ಲಿ. ಬಾಹ್ಯಾಕಾಶ ನಿಲ್ದಾಣವೊಂದರಲ್ಲಿ ಅವಘಡ ಸಂಭವಿಸಿದೆ, ಅಲ್ಲಿ ದುಡಿಯುತ್ತಿದ್ದ ಆರು ಮಂದಿ ಈಗ ಅಲ್ಲಿಲ್ಲ. ನಿಲ್ದಾಣವನ್ನು ನೋಡಿಕೊಳ್ಳುತ್ತಿದ್ದ ‘ಓಡಿನ್’ ಎಂಬ ಕೃತಕ ಬುದ್ಧಿಮತ್ತೆಯನ್ನು ಮರಳಿ ತರಲು ಏಮಿ ಫೆರಿಯರ್ ಎಂಬಾಕೆ ಹೋಗುತ್ತಾಳೆ. ಆಡುವವರು ಆಕೆಯಾಗಿ ಆ ಕೋಣೆಗಳಲ್ಲಿ ಓಡಾಡುತ್ತಾರೆ.

ಈ ಆಟದ ಜೀವ ಇರುವುದು ಅದರ ಧ್ವನಿಮುದ್ರಿಕೆಗಳಲ್ಲಿ. ಅವನ್ನು ಚಾಲೂ ಮಾಡಿದೊಡನೆ ಸಿಬ್ಬಂದಿ ಬಣ್ಣಬಣ್ಣದ ನೆರಳಾಕೃತಿಗಳಾಗಿ ನಮ್ಮ ಸುತ್ತ ನಡೆದಾಡತೊಡಗುತ್ತಾರೆ. ಮುಖ ಕಾಣುವುದಿಲ್ಲ, ಬಾನುಲಿ ನಾಟಕದಲ್ಲಿ ನಾವು ಮಾಡುವಂತೆ ದನಿಯಿಂದಲೇ ಗುರುತು ಹಿಡಿಯಬೇಕು. ಸಂತೋಷಕೂಟದ ನಡುವೆ ಅಪಘಾತವಾಗಿ ಆಮ್ಲಜನಕದ ದಾಸ್ತಾನು ನಷ್ಟವಾದಾಗ, ಒಟ್ಟಿಗಿದ್ದವರು ಬೇರೆ ಬೇರೆ ಕಡೆಗೆ ಚದುರುತ್ತಾರೆ. ಒಬ್ಬರ ಬೆನ್ನು ಹತ್ತಿದರೆ ಉಳಿದವರ ಮಾತು ತಪ್ಪಿಹೋಗುವುದರಿಂದ, ಮುದ್ರಿಕೆಯನ್ನು ಹಿಂದಕ್ಕೆ ತಿರುಗಿಸಿ, ಅದೇ ಗಳಿಗೆಯನ್ನು ಇನ್ನೊಬ್ಬರ ಜೊತೆ ಮತ್ತೆ ಕಳೆಯಬೇಕು. ಯಾರಾದರೂ ತಮ್ಮ ಖಾಸಗಿ ಪತ್ರಗಳನ್ನು ತೆರೆದ ಕ್ಷಣದಲ್ಲೇ ಮುದ್ರಿಕೆಯನ್ನು ನಿಲ್ಲಿಸಿದರೆ, ಅವನ್ನು ನಾವೂ ಓದಬಹುದು. ಎಲ್ಲರೆದುರು ಧೈರ್ಯದಿಂದ ಮಾತನಾಡಿದವರು ಬಾಗಿಲು ಹಾಕಿಕೊಂಡ ಮೇಲೆ ಹೇಗಿದ್ದರೆಂಬುದು ತಿಳಿಯುವುದು ಹೀಗೆಯೇ. ಇಷ್ಟು ತಾಳ್ಮೆಯಿಂದ ಕೇಳಿಸಿಕೊಳ್ಳಲು ಹೇಳುವ ಆಟಗಳು ತೀರಾ ಕಡಿಮೆ.

ಇದು ದುಡಿಮೆಯ ಕಥೆಯೂ ಹೌದು. ಅಲ್ಲಿನ ಕಂಪನಿಗಳು ತಮ್ಮ ನೌಕರರಿಗೆ ‘ಲಾಯಲ್ಟಿ’ ಎಂಬ ತಮ್ಮದೇ ಹಣವನ್ನು ಕೊಡುತ್ತವೆ. ಜನರನ್ನು ಕೆಲಸದಿಂದ ಬಿಡಿಸಿ ಯಂತ್ರಗಳನ್ನಿಡುವ ಲೆಕ್ಕಾಚಾರವೂ ಕಥೆಯ ಒಡಲಲ್ಲಿದೆ. ಕೋಲಾರ ಜಿಲ್ಲೆಯವರಿಗೆ ಇದು ದೂರದ ಮಾತೆನಿಸಲಾರದು. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದವರ ಉಸಿರು ಮೇಲಿನಿಂದ ಬರುವ ಗಾಳಿಯನ್ನೇ ನಂಬಿತ್ತು. ವಾಸಕ್ಕೆ ಕಂಪನಿ ಸಾಲಾಗಿ ಕಟ್ಟಿಸಿದ ಲೈನ್ ಮನೆ, ಕಾಯಿಲೆಗೆ ಕಂಪನಿಯ ಆಸ್ಪತ್ರೆ. 2001ರಲ್ಲಿ ಗಣಿ ಮುಚ್ಚಿದಾಗ ಸಂಬಳದ ಜೊತೆಗೆ ಅವರ ಬದುಕಿನ ಏರ್ಪಾಡೇ ಕುಸಿಯಿತು.

ಆಟದ ಕೊನೆಯನ್ನು ಇಲ್ಲಿ ಹೇಳುವುದಿಲ್ಲ. ಅದು ತುಸು ಅವಸರದಲ್ಲಿ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಈ ಆಟ ಕಥೆ ಹೇಳುವ ಬಗೆಯನ್ನು ನಮ್ಮ ಜಿಲ್ಲೆಯ ತರುಣ ತಂತ್ರಜ್ಞರು ಗಮನಿಸಬೇಕೆಂದು ಕೋರುತ್ತೇನೆ. ಶಾಫ್ಟ್ ಇಳಿದು ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ತಮಿಳು, ತೆಲುಗು, ಕನ್ನಡ ಬೆರೆತ ಅವರ ಮಾತನ್ನು ಈಗಲೇ ಧ್ವನಿಮುದ್ರಿಸಿಕೊಂಡರೆ, ಒಂದು ಲೈನ್ ಮನೆಯಿಂದ ಇನ್ನೊಂದಕ್ಕೆ ನಡೆಯುತ್ತ ಕೇಳಬಹುದಾದ ಇಂಥದ್ದೊಂದು ಆಟವನ್ನು ಇಲ್ಲಿಯೇ ಕಟ್ಟಬಹುದು.