ಹಳೆಯ ಕರವಸ್ತ್ರದ ವಯಸ್ಸು

ಕೇಳುಗರಿಗೆ ನಮಸ್ಕಾರ. ಭಾನುವಾರ ಬೆಳಿಗ್ಗೆ ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನಲ್ಲಿ ನೆರೆಯುವ ಗುಜರಿ ಸಂತೆಯಾಗಲಿ, ಶನಿವಾರ ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯಲ್ಲಿ ಸೇರುವ ಹಳೆಯ ಸಾಮಾನಿನ ಮಾರುಕಟ್ಟೆಯಾಗಲಿ, ಅಲ್ಲಿಗೆ ಹೋದವರ ಕಣ್ಣು ಮೊದಲು ಹರಿಯುವುದು ಗಡಿಯಾರ, ಹಿತ್ತಾಳೆಯ ದೀಪ, ಗ್ರಾಮಫೋನುಗಳ ಕಡೆಗೆ. ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ಮುದುಡಿ ಬಿದ್ದಿರುವ ಕರವಸ್ತ್ರ, ಗುಂಡಿ, ತಗಡಿನ ಡಬ್ಬಿ, ಬೆಂಕಿಪೊಟ್ಟಣದ ಚೀಟಿ ಇವನ್ನು ಕೇಳುವವರು ಕಡಿಮೆ. ಇಂಥ ಸಣ್ಣ ವಸ್ತುಗಳನ್ನು, ಅದರಲ್ಲೂ ಕರವಸ್ತ್ರವನ್ನು, ಕೈಗೆತ್ತಿಕೊಂಡು ಅದರ ಕಾಲವನ್ನು ನಿರ್ಣಯಿಸುವುದು ಹೇಗೆ ಎಂಬುದು ಇಂದಿನ ನನ್ನ ಮಾತಿನ ವಿಷಯ.

ಮಾರುವವರು ‘ನೂರು ವರ್ಷದ್ದು’ ಎನ್ನುವುದು ವಾಡಿಕೆ. ಆ ಮಾತನ್ನು ಬದಿಗಿಟ್ಟು ವಸ್ತುವನ್ನೇ ವಿಚಾರಿಸಬೇಕು. ಒಂದು ವಸ್ತುವಿನಲ್ಲಿ ಎಲ್ಲಕ್ಕಿಂತ ಹೊಸದಾಗಿರುವ ಅಂಶ ಯಾವುದೋ, ಅದಕ್ಕಿಂತ ಆ ವಸ್ತು ಹಳೆಯದಾಗಿರಲಾರದು. ವಿಸ್ಕೋಸ್ ಎಂಬ ಕೃತಕ ರೇಷ್ಮೆಗೆ ಇಂಗ್ಲೆಂಡಿನಲ್ಲಿ 1892ರಲ್ಲಿ ಪೇಟೆಂಟ್ ದೊರೆಯಿತು. ನೈಲಾನ್ ಲೋಕಕ್ಕೆ ಪರಿಚಯವಾದದ್ದು 1938ರಲ್ಲಿ. ಪಾಲಿಯೆಸ್ಟರ್ ನೂಲಿಗೆ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪೇಟೆಂಟ್ ಪಡೆದದ್ದು 1941ರಲ್ಲಿ. ಆದ್ದರಿಂದ ಅಂಚಿಗೆ ನೈಲಾನ್ ಲೇಸು ಇರುವ ಕರವಸ್ತ್ರವನ್ನು ವಿಕ್ಟೋರಿಯಾ ರಾಣಿಯ ಕಾಲದ್ದೆಂದು ಯಾರೇ ಹೇಳಿದರೂ ನಂಬುವಂತಿಲ್ಲ. ಲೇಸನ್ನು ಆಮೇಲೆ ಸೇರಿಸಿರಬಹುದಲ್ಲ ಎಂದು ನೀವು ಕೇಳಬಹುದು. ಸೇರಿಸಿರಬಹುದು, ಹಾಗಾದರೆ ಅಂಚಿನಲ್ಲಿ ಹಿಂದಿನ ಹೊಲಿಗೆ ಬಿಚ್ಚಿದ ಸೂಜಿತೂತುಗಳು ಉಳಿದಿರುತ್ತವೆಯೇ ಎಂದು ನೋಡಬೇಕು.

ಬಟ್ಟೆಯ ಗುರುತು ಹಿಡಿಯಲು ಒಂದು ಒಳ್ಳೆಯ ಭೂತಗನ್ನಡಿ ಸಾಕು. ಅಗಸೆ ನಾರಿನಿಂದ ತೆಗೆದ ಲಿನನ್ನಿನ ಎಳೆ ಒಂದೇ ಸಮನಾಗಿರುವುದಿಲ್ಲ. ಅಲ್ಲಲ್ಲಿ ದಪ್ಪಗಾಗಿ ಮತ್ತೆ ಸಣ್ಣಗಾಗುತ್ತದೆ, ಮುಟ್ಟಿದರೆ ಕೈಗೆ ತಂಪೆನಿಸುತ್ತದೆ. ಸೂಕ್ಷ್ಮದರ್ಶಕದ ಅಡಿಯಲ್ಲಿ ಅಗಸೆಯ ನಾರು ಕಬ್ಬಿನ ಜಲ್ಲೆಯಂತೆ ಗೆಣ್ಣುಗೆಣ್ಣಾಗಿ ಕಾಣುತ್ತದೆ, ಹತ್ತಿಯ ಎಳೆ ತಿರುಚಿಕೊಂಡಿರುತ್ತದೆ. ಲಿನನ್ ಕರವಸ್ತ್ರಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ದೊಡ್ಡ ಹೆಸರು ಮಾಡಿತ್ತು.

ಕಸೂತಿಯ ವಿಚಾರದಲ್ಲಿ ಹೆಚ್ಚು ನಿಧಾನ ಬೇಕು. ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ 1863ರಲ್ಲಿ ರೂಪಿಸಿದ ಶಿಫ್ಲಿ ಯಂತ್ರವು ಸೇಂಟ್ ಗಾಲನ್ ಪ್ರಾಂತದ ಕಸೂತಿ ಉದ್ಯಮವನ್ನೇ ಬದಲಿಸಿತು. ಈ ಯಂತ್ರದ ಕೆಲಸದಲ್ಲಿ ಮೇಲೆ ಒಂದು ನೂಲು, ಕೆಳಗೆ ಲಾಳಿಯ ಇನ್ನೊಂದು ನೂಲು ಸೇರಿ ಹೊಲಿಗೆಯಾಗುವುದರಿಂದ, ಕರವಸ್ತ್ರವನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿ ಆ ಎರಡನೆಯ ನೂಲು ಬೇರೆಯಾಗಿಯೇ ಕಾಣುತ್ತದೆ. ಸಾಲಾಗಿ ನಿಂತ ಸೂಜಿಗಳೆಲ್ಲ ಒಂದೇ ಚಲನೆಯನ್ನು ಅನುಸರಿಸುವುದರಿಂದ, ಒಂದು ಹೂವಿನಲ್ಲಿ ಎಸಳು ಚೂರು ಓರೆಯಾಗಿದ್ದರೆ ಉಳಿದ ಹೂಗಳಲ್ಲೂ ಅದೇ ಎಸಳು ಅಷ್ಟೇ ಓರೆಯಾಗಿರುತ್ತದೆ. ಕೈಕೆಲಸದಲ್ಲಿ ಒಂದು ಹೂವಿನಂತೆ ಇನ್ನೊಂದಿರುವುದಿಲ್ಲ. ಆದರೆ ಕೈಕೆಲಸ ಎಂದಮಾತ್ರಕ್ಕೆ ಅದು ಹಳೆಯದೆಂದು ತೀರ್ಮಾನಿಸಬಾರದು. ಅಂಚನ್ನು ಬೆರಳಲ್ಲಿ ಸುರುಳಿ ಸುತ್ತಿ ಕೈಯಿಂದಲೇ ಹೊಲಿಯುವ ಪದ್ಧತಿ, ಹೊಲಿಗೆಯಂತ್ರ ಬಂದ ಎಷ್ಟೋ ದಶಕಗಳ ಮೇಲೂ, ಚೀನಾದಲ್ಲಿ, ಫಿಲಿಪೀನ್ಸಿನಲ್ಲಿ, ಪೋರ್ಚುಗಲ್ಲಿನ ಮದೀರಾ ದ್ವೀಪದಲ್ಲಿ ನಡೆದೇ ಇತ್ತು. ಮನೆಯ ಜಗಲಿಯಲ್ಲಿ ಕೂತು ಕೂಲಿಗಾಗಿ ಆ ಸೂಕ್ಷ್ಮ ಕೆಲಸ ಮಾಡಿದ ಹೆಂಗಸರ ಹೆಸರು ಯಾವ ಚೀಟಿಯಲ್ಲೂ ಬರೆದಿಲ್ಲ. ಈ ಬಟ್ಟೆಗಳ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಅವರೇ.

ಮುದ್ರಿತ ಕರವಸ್ತ್ರಗಳಿಗೆ ಬಂದರೆ, ದಿನಾಂಕ ಅಚ್ಚಾಗಿದ್ದರೂ ಎಚ್ಚರ ತಪ್ಪಬಾರದು. 1937ರ ಮೇ 12 ಎಂಬ ತಾರೀಖಿನೊಡನೆ ಎಂಟನೆಯ ಎಡ್ವರ್ಡ್ ದೊರೆಯ ಚಿತ್ರವಿರುವ ಪಟ್ಟಾಭಿಷೇಕದ ಸ್ಮರಣಿಕೆಗಳು ಇಂದಿಗೂ ಸಿಗುತ್ತವೆ. ಆ ಪಟ್ಟಾಭಿಷೇಕ ನಡೆಯಲೇ ಇಲ್ಲ. ದೊರೆ 1936ರ ಡಿಸೆಂಬರಿನಲ್ಲಿ ಸಿಂಹಾಸನ ಬಿಟ್ಟುಕೊಟ್ಟ; ಮೊದಲೇ ಗೊತ್ತುಮಾಡಿದ್ದ ಆ ಮೇ 12ರಂದು ಪಟ್ಟಾಭಿಷಿಕ್ತನಾದವನು ತಮ್ಮನಾದ ಆರನೆಯ ಜಾರ್ಜ್. ಆದ್ದರಿಂದ ಅಣ್ಣನ ಚಿತ್ರವಿರುವ ಸ್ಮರಣಿಕೆಗಳು 1936ರಲ್ಲೇ ಸಿದ್ಧವಾದವು ಎಂದು ಧೈರ್ಯವಾಗಿ ಹೇಳಬಹುದು. ಯುದ್ಧಕಾಲದ ಬ್ರಿಟನ್ನಿನಲ್ಲಿ ಸರ್ಕಾರದ ಮಿತವ್ಯಯ ಯೋಜನೆಯಡಿ ತಯಾರಾದ ಬಟ್ಟೆಗಳ ಮೇಲೆ ‘ಸಿಸಿ 41’ ಎಂಬ ಮುದ್ರೆ ಇರುತ್ತದೆ. ಆ ಯೋಜನೆ 1941ರಲ್ಲಿ ಆರಂಭವಾಗಿ 1952ಕ್ಕೆ ಮುಗಿಯಿತು. ಜಪಾನಿನಿಂದ ಅಮೆರಿಕಕ್ಕೆ ಹೋದ ಸಾಮಾನಿನ ಮೇಲೆ ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಅದು ಎರಡನೆಯ ಮಹಾಯುದ್ಧ ಮುಗಿದ ನಂತರದ್ದು, 1952ಕ್ಕಿಂತ ಈಚಿನದಲ್ಲ.

ಈಗ ನನ್ನ ಮುಂದೆ ಒಂದು ಬಿಳಿಯ ಲಿನನ್ ಕರವಸ್ತ್ರವಿದೆ. ಒಂದು ಮೂಲೆಯಲ್ಲಿ ಬಿಳಿ ನೂಲಿನಲ್ಲೇ ತುಂಬಿದ ಇಂಗ್ಲಿಷ್ ಅಕ್ಷರವೊಂದಿದೆ. ಇಂಥ ಅಕ್ಷರದ ಕರವಸ್ತ್ರಗಳು ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತಿದ್ದುದರಿಂದ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ತಿಳಿಯುವುದು ಎದುರು ಮೂಲೆಯಿಂದ. ಅಲ್ಲಿ ಎರಡು ಚುಕ್ಕೆ, ಒಂದು ಗೀಟು, ಸುತ್ತಲೂ ಕಂದು ಬಣ್ಣ ಹರಡಿದ ಕಪ್ಪು ಗುರುತು ಇದೆ. ಮಡಿವಾಳರು ಕರಿಗೇರಿನ ಕಾಯಿಯ ರಸದಿಂದ ಹಾಕುತ್ತಿದ್ದ, ಎಷ್ಟು ಒಗೆದರೂ ಹೋಗದ ಗುರುತು ಅದು. ಬಟ್ಟೆ ಎಲ್ಲಿ ನೇಯ್ದದ್ದಾದರೂ ಆಗಲಿ, ಬಳಕೆಯಾದದ್ದು ನಮ್ಮ ದೇಶದಲ್ಲಿ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಬಟ್ಟೆ ಮಂಕಾಗಿಯೇ ಉಳಿಯುತ್ತದೆ, ಅಂಚಿನಲ್ಲಿ ರಫೂ ಮಾಡಿದ ನೂಲು ಮಾತ್ರ ನೀಲಿಯಾಗಿ ಹೊಳೆಯುತ್ತದೆ. ಬಿಳುಪು ಹೆಚ್ಚಿಸಲು ನೂಲಿಗೂ ಸಾಬೂನಿನ ಪುಡಿಗೂ ಬೆರೆಸುವ ಹೊಳಪುಕಾರಕಗಳು 1940ರ ದಶಕದಿಂದ ಈಚೆಗೆ ಬಳಕೆಗೆ ಬಂದವು. ಹಾಗಾಗಿ ರಫೂ ಆಮೇಲಿನದು. ರಫೂ ಆದ ನಂತರ ಈ ಕರವಸ್ತ್ರ ಅಂಥ ಪುಡಿಯ ನೀರಿಗೆ ಬಿದ್ದಂತಿಲ್ಲ. ಬಹುಶಃ ಬಳಸಲು ಅಲ್ಲ, ಇಟ್ಟುಕೊಳ್ಳಲೆಂದೇ ಯಾರೋ ಅದನ್ನು ರಿಪೇರಿ ಮಾಡಿದ್ದಾರೆ. ಬಟ್ಟೆಯೇ ಹೊಳೆದಿದ್ದರೆ ನಾನು ಇಷ್ಟು ಹೇಳಲಾಗುತ್ತಿರಲಿಲ್ಲ, ಏಕೆಂದರೆ ಎಷ್ಟು ಹಳೆಯ ಬಟ್ಟೆಯಾದರೂ ಒಂದು ಸಲ ಈಗಿನ ಪುಡಿಯಲ್ಲಿ ಒಗೆದರೆ ಹೊಳೆಯಬಲ್ಲದು.

ಇದೇ ತರ್ಕವನ್ನು ನಮ್ಮ ಗುಜರಿಯ ಡಬ್ಬಿ, ಚೀಟಿ, ರಸೀದಿಗಳಿಗೂ ಅನ್ವಯಿಸಬಹುದು. ಬೆಲೆ ಅಣೆಯಲ್ಲಿದ್ದರೆ ಅದು ಹೆಚ್ಚುಕಡಿಮೆ 1957ರ ಏಪ್ರಿಲ್‌ಗಿಂತ ಹಿಂದಿನದು. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ತೂಕ ತೊಲ, ಸೇರುಗಳಲ್ಲಿದ್ದರೆ ಮೆಟ್ರಿಕ್ ಪದ್ಧತಿ ಕಡ್ಡಾಯವಾಗುವ ಮುಂಚಿನದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಎಂಬ ಒಕ್ಕಣೆ ಇದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದೆ ಅಚ್ಚಾದದ್ದು. ಹಳೆಯ ಚೀಟಿಗಳು ಮುಗಿಯುವವರೆಗೂ ಅಂಟಿಸುತ್ತಿದ್ದ ಮಿತವ್ಯಯದ ಅಂಗಡಿಯವರನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಡಬ್ಬಿಗೆ ಒಂದೆರಡು ವರ್ಷ ಆಚೀಚೆ ಬಿಡುವುದು ಕ್ಷೇಮ.

ಕೊಂಡು ತಂದ ಕೂಡಲೇ ಒಗೆಯಲು ಹೋಗಬೇಡಿ. ಅಂಗಡಿಯ ಕಾಗದದ ಚೀಟಿ, ಗಂಜಿಯ ಬಿಗಿ, ಮೊದಲ ಮಡಿಕೆಯ ಗೆರೆ ಇವೆಲ್ಲ ಸಾಕ್ಷ್ಯಗಳು, ಒಮ್ಮೆ ನೆನೆದರೆ ಮರಳಿ ಬಾರವು. ನೋಡಿ, ಚಿತ್ರ ತೆಗೆದುಕೊಂಡ ಮೇಲೆ ಹತ್ತಿ, ಲಿನನ್ ಬಟ್ಟೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಬಹುದು. ಬ್ಲೀಚಿಂಗ್ ಪುಡಿ ಮಾತ್ರ ಬೇಡ. ಗಂಜಿ ಹಾಕಿ ಎತ್ತಿಡಬೇಡಿ, ಹುಳುಗಳಿಗೆ ಗಂಜಿ ಆಹಾರ. ಆಮ್ಲರಹಿತ ಕಾಗದದ ನಡುವೆ ಇಟ್ಟು, ಆಗಾಗ ಮಡಿಕೆಯ ಜಾಗ ಬದಲಿಸಿ. ಜೊತೆಗೆ ಒಂದು ಚೀಟಿಯಲ್ಲಿ ಸೀಸದಕಡ್ಡಿಯಿಂದ, ಇದು ಯಾವ ಊರಿನಲ್ಲಿ, ಎಂದು, ಬೇರೆ ಯಾವ ಸಾಮಾನುಗಳ ಜೊತೆ ಸಿಕ್ಕಿತು ಎಂಬುದನ್ನು ಬರೆದಿಡಿ. ಒಂದೇ ಪೆಟ್ಟಿಗೆಯಿಂದ ಬಂದ ಅಣೆಯ ರಸೀದಿಯೊಂದು, ಬೇರಾವ ಗುರುತೂ ಇಲ್ಲದ ಕರವಸ್ತ್ರಕ್ಕೆ ಎಷ್ಟೋ ಸಲ ಸಿಗುವ ಏಕೈಕ ಸುಳಿವಾಗಿರುತ್ತದೆ. ನಮಸ್ಕಾರ.