ನಾಲ್ಕಕ್ಕೆ ಆಫೀಸು ಮುಗಿದರೆ

ಕೇಳುಗರಿಗೆಲ್ಲ ನಮಸ್ಕಾರ.

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ನಾನು ಇದ್ದದ್ದು ಮೂರು ವಾರ. ಮೇ ತಿಂಗಳು. ರಜೆಯ ಮೇಲೆ ಹೋಗಿದ್ದೆ ಅಂದುಕೊಳ್ಳಬೇಡಿ, ರಜೆ ಸಿಕ್ಕಿರಲಿಲ್ಲ. ಚಿಕ್ಕಮ್ಮನ ಮಗಳು ಅಲ್ಲಿ ಸಂಸಾರ ಹೂಡಿ ಹತ್ತು ವರ್ಷ ಆಯಿತು, "ಬಾರೋ ಬಾರೋ" ಅಂತ ಕರೆದು ಕರೆದು ಅವಳಿಗೂ ಸಾಕಾಗಿತ್ತು. ನನ್ನ ಕೆಲಸ ಹೇಗೂ ಲ್ಯಾಪ್‌ಟಾಪಿನಲ್ಲಿ. ಬೆಂಗಳೂರಿನ ನಮ್ಮ ಮನೆಯ ಹಾಲಿನಲ್ಲಿ ಕೂತು ಮಾಡಿದರೂ ಅದೇ, ಅಕ್ಕನ ಅಡುಗೆಮನೆ ಮೇಜಿನ ಮೇಲೆ ಮಾಡಿದರೂ ಅದೇ. ಮ್ಯಾನೇಜರ್ ಹತ್ತಿರ ಬರಹದಲ್ಲೇ ಒಪ್ಪಿಗೆ ತೆಗೆದುಕೊಂಡೆ. ಒಂದೇ ಷರತ್ತು ಹಾಕಿದರು, ಬೆಂಗಳೂರಿನ ಹೊತ್ತಿಗೇ ಕೆಲಸ ಮಾಡಬೇಕು. ಸರಿ ಅಂದೆ. ಆ ಷರತ್ತೇ ನನಗೆ ಲಾಟರಿ ಅಂತ ಅಲ್ಲಿ ಹೋದ ಮೇಲೆ ಗೊತ್ತಾಯಿತು.

ಲೆಕ್ಕ ಹಾಕಿ ನೋಡಿ. ಬೇಸಿಗೆಯಲ್ಲಿ ಹೆಲ್ಸಿಂಕಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ನಮ್ಮ ಒಂಬತ್ತೂವರೆಯ ಮೀಟಿಂಗ್ ಅಲ್ಲಿ ಬೆಳಿಗ್ಗೆ ಏಳಕ್ಕೆ. ನಮ್ಮ ಸಂಜೆ ಆರೂವರೆ ಅಂದರೆ ಅಲ್ಲಿ ನಾಲ್ಕು ಗಂಟೆ. ಮೇ ನಡುವಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹತ್ತಿರ. ಆಫೀಸು ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಕೈಯಲ್ಲಿ ಇನ್ನೂ ಆರು ಗಂಟೆ ಬೆಳಕು! ಇಲ್ಲಿ ನಾನು ಕುರ್ಚಿ ಬಿಟ್ಟು ಏಳುವ ಹೊತ್ತಿಗೆ ಬೀದಿ ದೀಪ ಹತ್ತಿರುತ್ತದೆ, ಹಾಲು ತರುವುದು ಬಿಟ್ಟರೆ ಇನ್ನೇನೂ ಮಾಡೋಕೆ ಮನಸ್ಸಾಗುವುದಿಲ್ಲ.

ಮೊದಲ ದಿನ ಮಾತ್ರ ಎಡವಟ್ಟಾಯಿತು. ಲ್ಯಾಪ್‌ಟಾಪ್ ಚಾರ್ಜರಿಗೆ ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್. ಅಲ್ಲಿಯ ಸಾಕೆಟ್ಟಿನಲ್ಲಿ ಎರಡೇ ದುಂಡು ತೂತು. ಹಪ್ಪಳ, ಉಪ್ಪಿನಕಾಯಿ, ಮೂರು ಕೆಜಿ ಸಾಂಬಾರ್ ಪುಡಿ ಹೊತ್ತುಕೊಂಡು ಹೋದವನು ಒಂದು ಅಡಾಪ್ಟರ್ ಮರೆತಿದ್ದೆ. ಬ್ಯಾಟರಿ ಇಪ್ಪತ್ತು ಪರ್ಸೆಂಟಿಗೆ ಬಂದಾಗ ಮೀಟಿಂಗಿನಲ್ಲಿ ವಿಡಿಯೋ ಆಫ್ ಮಾಡಿ ಕೂತೆ, ಹತ್ತಕ್ಕೆ ಬಂದಾಗ ಮಾತೂ ಕಡಿಮೆ ಮಾಡಿದೆ.

ಏಳರ ಮೀಟಿಂಗ್ ಅಕ್ಕನ ಮನೆಯಿಂದಲೇ. ಅದು ಮುಗಿದ ಮೇಲೆ ಸೈಕಲ್ ಹತ್ತಿ ಊರ ನಡುವೆ ಇರುವ ಲೈಬ್ರರಿಗೆ. ಲೈಬ್ರರಿಯ ಹೆಸರು ಓಡಿ. 'ಓದಿ' ಅಲ್ಲ, ಓಡಿ. ಫಿನ್ನಿಶ್ ಭಾಷೆಯಲ್ಲಿ ಆ ಮಾತಿಗೆ ಹಾಡಿ ಹೊಗಳುವ ಪದ್ಯ ಅನ್ನೋ ಅರ್ಥ. 2018ರ ಡಿಸೆಂಬರ್ 5ಕ್ಕೆ, ಅವರ ಸ್ವಾತಂತ್ರ್ಯ ದಿನದ ಹಿಂದಿನ ದಿನ, ಬಾಗಿಲು ತೆರೆಯಿತು. ಕಟ್ಟಿರುವ ಜಾಗ ಎಲ್ಲಿ ಅಂತೀರಿ, ಪಾರ್ಲಿಮೆಂಟಿನ ಎದುರಿಗೇ. ಒಳಗೆ ಹೋಗೋಕೆ ಕಾರ್ಡು ಬೇಡ, ಯಾರೂ ನಿಲ್ಲಿಸಿ ಕೇಳುವುದಿಲ್ಲ. ವೈಫೈ ಪುಕ್ಕಟೆ. ಮೂರನೇ ಮಹಡಿಯಲ್ಲಿ ಪುಸ್ತಕ, ಅದರ ಮಧ್ಯೆ ನಿಜವಾದ ಗಿಡಮರ, ಮೇಲೆ ಮೋಡದ ಹಾಗೆ ಬಳುಕಿದ ಬಿಳಿ ಚಾವಣಿ. ಅಲ್ಲಿ ಗಂಭೀರ ಮೌನ ಇರುತ್ತದೆ ಅಂದುಕೊಂಡು ಹೋದರೆ ತಳ್ಳುಗಾಡಿಯಲ್ಲಿ ಮಲಗಿದ ಕೂಸುಗಳು, ನೆಲದ ಮೇಲೆ ಉರುಳಾಡುವ ಮಕ್ಕಳು, ಚಳಿಗೆ ಮನೆಯಲ್ಲಿ ಕೂತು ಬೇಜಾರಾದ ಅಜ್ಜ ಅಜ್ಜಿಯರು.

ನಾನು ಜಾಸ್ತಿ ಕೂತದ್ದು ಎರಡನೇ ಮಹಡಿಯಲ್ಲಿ. ಅಲ್ಲಿ ಪುಸ್ತಕ ಇಲ್ಲ. ಹೊಲಿಗೆ ಯಂತ್ರಗಳಿವೆ! 3ಡಿ ಪ್ರಿಂಟರ್ ಇದೆ, ಹಾಡು ರೆಕಾರ್ಡ್ ಮಾಡುವ ಕೋಣೆಗಳಿವೆ. ಒಂದು ಮಧ್ಯಾಹ್ನ ಒಬ್ಬ ಹುಡುಗ ನನ್ನ ಪಕ್ಕದಲ್ಲೇ ತನ್ನ ಟೆಂಟು ಹರಿದದ್ದನ್ನು ಹೊಲಿಯುತ್ತಿದ್ದ. ನಾನು ಹೆಡ್‌ಫೋನ್ ಹಾಕಿಕೊಂಡು ತಗ್ಗಿದ ದನಿಯಲ್ಲಿ ಒಂದು ದೊಡ್ಡ ತಪ್ಪು ಯಾಕೆ ಆಯಿತು, ಯಾರಿಂದ ಆಗಲಿಲ್ಲ ಅಂತ ವಿವರಿಸುತ್ತಿದ್ದೆ. ಬೆಂಗಳೂರಿನಿಂದ ನಮ್ಮ ಟೀಮಿನವರೊಬ್ಬರು ಮಧ್ಯೆ ಬಾಯಿ ಹಾಕಿ, "ಸಾರ್, ಹಿಂದೆ ಯಾರೋ ಬಟ್ಟೆ ಹೊಲೀತಿದ್ದಾರಾ?" ಅಂದರು. ಲೈಬ್ರರಿಯಲ್ಲಿ ಇದ್ದೀನಿ ಅಂದೆ. ಯಾರೂ ನಂಬಲಿಲ್ಲ.

ಈಗ ಸೈಕಲ್ ವಿಷಯಕ್ಕೆ ಬರ್ತೀನಿ, ಅದನ್ನ ಹೇಳೋಕೇ ಇಷ್ಟು ಹೊತ್ತು ಕಾದಿದ್ದೆ.

ಅಕ್ಕನ ಮನೆ ಮೌನುಲಾ ಅನ್ನುವ ಬಡಾವಣೆಯಲ್ಲಿ. ಹೆಸರಿನಲ್ಲೇ ಮೌನ, ಬೀದಿಯಲ್ಲೂ ಅದೇ. ಮನೆಯ ಹಿಂದೆ ಕಾಡು. ಅವರು ಅದನ್ನು ಸೆಂಟ್ರಲ್ ಪಾರ್ಕ್ ಅಂತಾರೆ, ಆದರೆ ಕಬ್ಬನ್ ಪಾರ್ಕ್ ತರಹ ಅಲ್ಲ, ಊರಿನ ಮಧ್ಯದಿಂದ ಉತ್ತರದ ಗಡಿಯವರೆಗೆ ಹತ್ತು ಕಿಲೋಮೀಟರ್ ಉದ್ದಕ್ಕೆ ಹಾಸಿಕೊಂಡ ಪೈನ್ ಮತ್ತು ಬರ್ಚ್ ಮರಗಳ ಕಾಡು. 1911ರಲ್ಲಿ ಬೆರ್ಟೆಲ್ ಯುಂಗ್ ಅನ್ನುವ ವಾಸ್ತುಶಿಲ್ಪಿ ಇದರ ಯೋಚನೆ ಮುಂದಿಟ್ಟರಂತೆ. ಊರು ಬೆಳೆದರೂ ಈ ಪಟ್ಟಿಯನ್ನು ನುಂಗಲಿಲ್ಲ, ಅದೇ ದೊಡ್ಡ ವಿಷಯ. ನಾನು ಆಫೀಸಿಗೆ ಹೋಗುವ ದಾರಿ ಅದೇ ಆಗಿತ್ತು. ಮೊದಲ ವಾರ ಮರದ ಕೆಳಗೆಲ್ಲ ಪುಟ್ಟ ಬಿಳಿ ಹೂ, ಯಾರೋ ಅಕ್ಕಿ ಚೆಲ್ಲಿದ ಹಾಗೆ. ಬರ್ಚ್ ಎಲೆ ಆಗ ತಾನೆ ಚಿಗುರುತ್ತಿತ್ತು. ಟ್ರಾಫಿಕ್ ಸದ್ದು ಇಲ್ಲವೇ ಇಲ್ಲ, ಚಕ್ರದ ಕೆಳಗೆ ಮಣ್ಣು ಜಲ್ಲಿಯ ಕರಕರ ಸದ್ದು ಮಾತ್ರ. ಎರಡನೇ ದಿನದಿಂದ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದನ್ನೇ ಬಿಟ್ಟೆ. ಉತ್ತರದ ತುದಿಗೆ ಹೋದರೆ ಹಾಲ್ತಿಯಾಲಾ ಅಂತ ಒಂದು ತೋಟ, ಹೊಲ, ಕೊಟ್ಟಿಗೆಯಲ್ಲಿ ಹಸುಗಳು. ರಾಜಧಾನಿಯ ಒಳಗೇ ಕಣ್ರೀ!

ಸೈಕಲ್ ಭಾವನದು, ಹಳೆಯದು. ಅಲ್ಲಿ ತುಂಬಾ ಸೈಕಲ್‌ಗಳಿಗೆ ಹಿಂದಿನ ಬ್ರೇಕು ಪೆಡಲ್‌ನಲ್ಲೇ ಇರುತ್ತದೆ. ಹಿಂದಕ್ಕೆ ತುಳಿದರೆ ಬ್ರೇಕ್. ನಮಗೆ ಇಳಿಜಾರಿನಲ್ಲಿ ಸುಮ್ನೆ ಹಿಂದಕ್ಕೆ ಪೆಡಲ್ ತಿರುಗಿಸುತ್ತಾ ಹೋಗುವ ಚಾಳಿ ಇರುತ್ತದಲ್ಲ, ಚಿಕ್ಕಂದಿನಿಂದ ಬಂದದ್ದು. ಮೊದಲ ಇಳಿಜಾರಿನಲ್ಲೇ ಹಾಗೆ ಮಾಡಿದೆ. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಅದಕ್ಕೆ ತಕ್ಕ ಹಾಗೆ, ಚಳಿಗಾಲದಲ್ಲಿ ಹಿಮದ ಮೇಲೆ ಜನ ಜಾರಬಾರದು ಅಂತ ರಸ್ತೆಗೆ ಚೆಲ್ಲಿದ ಸಣ್ಣ ಜಲ್ಲಿ ಮೂಲೆಗಳಲ್ಲಿ ಇನ್ನೂ ಉಳಿದಿತ್ತು. ಮೊಣಕೈ ತರಚಿತು. ಅಕ್ಕ ಅರಿಸಿನ ಹಚ್ಚುತ್ತಾ, "ಒಂದನೇ ಕ್ಲಾಸಿನ ಹುಡುಗರು ಇಲ್ಲಿ ಒಬ್ಬೊಬ್ಬರೇ ಸೈಕಲ್ ಹೊಡ್ಕೊಂಡು ಸ್ಕೂಲಿಗೆ ಹೋಗ್ತಾರೆ ಕಣೋ" ಅಂದಳು. ಸಮಾಧಾನ ಹೇಳಿದಳೋ, ಮರ್ಯಾದೆ ತೆಗೆದಳೋ ಗೊತ್ತಾಗಲಿಲ್ಲ.

ಊರ ನಡುವೆ ಇನ್ನೆರಡು ಅಪಾಯ. ಒಂದು, ಟ್ರಾಮ್ ಹಳಿ. ಹಳಿಯನ್ನು ನೇರ ಅಡ್ಡಕ್ಕೆ ದಾಟಬೇಕು, ಓರೆಯಾಗಿ ಹೋದರೆ ಚಕ್ರ ಅದರ ಸಂದಿಗೆ ಬೀಳುತ್ತದೆ. ಎರಡನೆಯದು ನಾನೇ. ಅಲ್ಲಿ ಬಲಗಡೆ ಓಡಿಸಬೇಕು, ನಾನು ಗಳಿಗೆಗೊಮ್ಮೆ ಎಡಕ್ಕೆ ಹೋಗುತ್ತಿದ್ದೆ. ಯಾರೂ ಬೈಯಲಿಲ್ಲ. ಒಂದು ಸಲ ಗಂಟೆ ಬಾರಿಸಿದರು, ಅಷ್ಟೇ. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ನನಗೆ ಇಷ್ಟವಾದ ದಾರಿ ಬಾನಾ. ಹಿಂದೆ ಹಡಗುಕಟ್ಟೆಗೆ ಸರಕು ರೈಲು ಹೋಗುತ್ತಿದ್ದ ಹಳಿ ಅದು, ಬಂಡೆ ಸೀಳಿ ಮಾಡಿದ್ದು. 2008ರಲ್ಲಿ ಸರಕಿನ ಬಂದರು ಊರಾಚೆ ವುವೊಸಾರಿಗೆ ಹೋಯಿತು, ರೈಲಿಗೆ ಕೆಲಸ ಇಲ್ಲದಾಯಿತು. ಆ ತಗ್ಗನ್ನು ಮುಚ್ಚಿ ರಸ್ತೆ ಮಾಡಲಿಲ್ಲ, 2012ರಲ್ಲಿ ಸೈಕಲ್ಲಿಗೆ ಮತ್ತು ನಡೆಯುವವರಿಗೆ ಬಿಟ್ಟುಕೊಟ್ಟರು. ಕಾರುಗಳೆಲ್ಲ ತಲೆಯ ಮೇಲಿನ ಸೇತುವೆಗಳಲ್ಲಿ ಸಿಗ್ನಲ್ ಕಾಯುತ್ತಿರುತ್ತವೆ, ನೀವು ಕೆಳಗೆ ಎಲ್ಲೂ ನಿಲ್ಲದೆ ಹೋಗುತ್ತಿರುತ್ತೀರಿ. ಸೊಕ್ಕು ಬರುತ್ತದೆ, ನಿಜ ಹೇಳ್ತೀನಿ. 2024ರಲ್ಲಿ ರೈಲ್ವೆ ಸ್ಟೇಷನ್ನಿನ ಹಳಿಗಳ ಕೆಳಗೂ ಸೈಕಲ್ಲಿಗೆ ಒಂದು ಸುರಂಗ ತೆರೆದಿದ್ದಾರೆ.

ಸಮುದ್ರದ ಪಕ್ಕದ ದಾರಿಯಲ್ಲಿ ಸಿಬೇಲಿಯಸ್ ಸ್ಮಾರಕ ಸಿಗುತ್ತದೆ. ಝಾನ್ ಸಿಬೇಲಿಯಸ್, ಆ ದೇಶದ ಅತಿ ದೊಡ್ಡ ಸಂಗೀತ ರಚನೆಕಾರರು. ಸ್ಮಾರಕ ಅಂದರೆ 600ಕ್ಕೂ ಹೆಚ್ಚು ಉಕ್ಕಿನ ಕೊಳವೆಗಳ ಗೊಂಚಲು. ಮಾಡಿದವರು ಎಯ್ಲಾ ಹಿಲ್ಟುನೆನ್, 1967ರಲ್ಲಿ. ಇದರಲ್ಲಿ ಮನುಷ್ಯ ಎಲ್ಲಿ ಅಂತ ಜನ ಗಲಾಟೆ ಮಾಡಿದ್ದಕ್ಕೆ ಪಕ್ಕದಲ್ಲಿ ಒಂದು ಮುಖ ಮಾಡಿಟ್ಟರು. ನನಗೆ ಮುಖ ಬೇಕಾಗಿರಲಿಲ್ಲ. ಕೊಳವೆಯ ಬಾಯಿಗೆ ಕಿವಿ ಕೊಟ್ಟು ನಿಂತುಕೊಂಡರೆ ಗಾಳಿಯ ಸದ್ದು ಚೆನ್ನಾಗಿರುತ್ತದೆ.

ಅಲ್ಲಿಂದ ಕಾಫಿ. ಕಾಫಿ ಜೊತೆ ಕೊರ್ವಪೂಸ್ತಿ ಅನ್ನೋ ಬನ್ನು. ಹೆಸರಿನ ಅರ್ಥ ಕಿವಿಯ ಮೇಲೆ ಬಾರಿಸಿದ ಏಟು! ಚಕ್ಕೆ ಪುಡಿ ಇರುತ್ತದೆ ಅಂತ ಗೊತ್ತಿತ್ತು, ಆದರೆ ಕಚ್ಚಿದ ತಕ್ಷಣ ಮೂಗಿಗೆ ಬಂದದ್ದು ಏಲಕ್ಕಿ. ಹಿಟ್ಟಿಗೇ ಏಲಕ್ಕಿ ಕುಟ್ಟಿ ಹಾಕುತ್ತಾರೆ, ಧಾರಾಳವಾಗಿ. ಪಶ್ಚಿಮ ಘಟ್ಟದ ಕಾಡಿನ ಗಿಡದ ಕಾಯಿ ಈ ಹಿಮದ ನಾಡಿನಲ್ಲಿ ಅಜ್ಜಿಯರ ಅಡುಗೆಯಾಗಿ ಕೂತಿದೆ. ನಾವು ಅದನ್ನು ಪಾಯಸಕ್ಕೆ ಎರಡು ಚಿಟಿಕೆ ಹಾಕೋಕೂ ಲೆಕ್ಕ ನೋಡ್ತೀವಿ.

ಇನ್ನು ಸಂಗೀತ ಕಛೇರಿಗಳು. ಓಡಿ ಲೈಬ್ರರಿಯ ಪಕ್ಕದಲ್ಲೇ ಮುಸೀಕ್ಕಿತಾಲೋ, ಅಂದರೆ ಸಂಗೀತದ ಮನೆ. 2011ರಲ್ಲಿ ಶುರುವಾದದ್ದು. ಅದರ ದೊಡ್ಡ ಸಭಾಂಗಣದಲ್ಲಿ 1704 ಸೀಟು, ವಾದ್ಯವೃಂದ ಮಧ್ಯದಲ್ಲಿ, ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಜನ. ನಮ್ಮ ಕಡೆ ಊರ ಮಧ್ಯೆ ಬಯಲಾಟ ನಡೆದರೆ ಸುತ್ತ ಕೂರುತ್ತಾರಲ್ಲ, ಹಾಗೆ. ವೇದಿಕೆಯ ಹಿಂದಿನ ಸೀಟಿನಲ್ಲಿ ಕೂತರೆ ವಾದ್ಯಗಾರರ ಬೆನ್ನು, ವಾದ್ಯವೃಂದವನ್ನು ನಡೆಸುವ ಕಂಡಕ್ಟರ್ ಅವರ ಮುಖ. ನನಗೆ ಅದೇ ಸೀಟು ಇಷ್ಟ. ಅಲ್ಲಿಯ ಹೊಸ ಪೈಪ್ ಆರ್ಗನ್ 2024ರ ಜನವರಿ 1ರಂದು ಮೊದಲ ಸಲ ಎಲ್ಲರೆದುರು ನುಡಿಯಿತು. ಅದಕ್ಕೆ ಹತ್ತು ಲಕ್ಷ ಯೂರೋ ಕೊಟ್ಟವರು ಕೈಯಾ ಸಾರಿಯಾಹೋ, ಅವರೂ ಸಂಗೀತ ರಚನೆಕಾರರು. ಅದನ್ನು ಕೇಳುವ ಮುಂಚೆ, 2023ರಲ್ಲೇ, ತೀರಿಕೊಂಡರು.

ಇದೇ ಕಟ್ಟಡದಲ್ಲಿ ಸಿಬೇಲಿಯಸ್ ಅಕಾಡೆಮಿಯ ವಿದ್ಯಾರ್ಥಿಗಳೂ ಇದ್ದಾರೆ. ಅವರ ಎಷ್ಟೋ ಕಛೇರಿಗಳಿಗೆ ಟಿಕೆಟ್ ಇಲ್ಲ. ಆರು ಗಂಟೆಗೆ ಸೈಕಲ್ ಬೀಗ ಹಾಕಿ ಬೆವರಿನಲ್ಲೇ ಹೋಗಿ ಕೂತಿದ್ದೇನೆ. ಒಂದು ಸಂಜೆ ಬಂಡೆಯೊಳಗೆ ಕೊರೆದು ಕಟ್ಟಿದ ತೆಂಪೆಲಿಆಉಕಿಯೋ ಚರ್ಚಿನಲ್ಲಿ ಪಿಯಾನೋ ಕೇಳಿದೆ. 1969ರ ಚರ್ಚು ಅದು, ಗೋಡೆಗೆ ಗಾರೆ ಇಲ್ಲ, ಒಡೆದ ಬಂಡೆ ಹಾಗೇ ಒರಟಾಗಿದೆ, ಮೇಲೆ ತಾಮ್ರದ ಗುಮ್ಮಟ. ರಾಕ್ ಸಂಗೀತದವರಿಗೆ ತವಾಸ್ತಿಯಾ ಅನ್ನುವ ಹಳೆಯ ಕ್ಲಬ್ಬಿದೆ. ಭಾವ ಕರೆದುಕೊಂಡು ಹೋದರು, ನಾನು ಅರ್ಧಕ್ಕೇ ಎದ್ದು ಬಂದೆ, ಅಷ್ಟು ಸಾಕು.

ಒಂದು ಶನಿವಾರ ಸಿಬೇಲಿಯಸ್ ಅವರ ಮನೆಗೆ ಹೋದೆ. ಊರಿನಿಂದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ ದೂರ, ಹೆಂಡತಿ ಐನೋ ಹೆಸರಿನಲ್ಲಿ ಐನೋಲಾ. 1904ರಲ್ಲಿ ಕಟ್ಟಿದ ಮರದ ಮನೆ. ಅವರು ಇದ್ದಷ್ಟು ಕಾಲ ಅಲ್ಲಿ ನಲ್ಲಿ ಇರಲಿಲ್ಲ. ಕೊಳವೆಯಲ್ಲಿ ನೀರು ಹರಿಯುವ ಸದ್ದು ಅವರಿಗೆ ಆಗುತ್ತಿರಲಿಲ್ಲವಂತೆ! ನೀರು ಹೊತ್ತವರ ಕಷ್ಟ ಬೇರೆ. ಆದರೆ ರೇಡಿಯೋ ಇತ್ತು. 1920ರ ದಶಕದ ಮೇಲೆ ದೊಡ್ಡ ಕೃತಿಗಳನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿದ ಈ ಮನುಷ್ಯ, ದೂರದ ದೇಶಗಳಲ್ಲಿ ತಮ್ಮ ಸಂಗೀತ ನುಡಿಸುವುದನ್ನು ಕಾಡಿನ ನಡುವಿನ ಈ ಮನೆಯಲ್ಲಿ ಕೂತು ರೇಡಿಯೋದಲ್ಲಿ ಕೇಳುತ್ತಿದ್ದರು. ಕಂಡಕ್ಟ್ ಮಾಡುವುದನ್ನೂ ಬಿಟ್ಟಿದ್ದವರು 1939ರ ಜನವರಿ 1ಕ್ಕೆ, 73ನೇ ವಯಸ್ಸಿನಲ್ಲಿ, ಒಂದೇ ಒಂದು ಸಲ ಹೆಲ್ಸಿಂಕಿಯ ರೇಡಿಯೋ ವಾದ್ಯವೃಂದದ ಮುಂದೆ ನಿಂತರು. ಆ ನುಡಿಸಾಣಿಕೆ ಕಡಲಾಚೆಗೂ ನೇರ ಪ್ರಸಾರ ಆಯಿತು. ಅವರೇ ಕಂಡಕ್ಟ್ ಮಾಡಿದ್ದು ಧ್ವನಿಮುದ್ರಣದಲ್ಲಿ ಉಳಿದಿರುವುದು ಅದೊಂದೇ. ಆ ಹೊತ್ತಿಗೆ ಮೈಸೂರಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಆಕಾಶವಾಣಿ ಶುರುಮಾಡಿ ಮೂರು ವರ್ಷ ದಾಟಿತ್ತು. ಆ ದಿನ ಒಂಟಿಕೊಪ್ಪಲಿನಲ್ಲಿ ಯಾರಾದರೂ ರೇಡಿಯೋ ತಿರುಗಿಸುತ್ತಾ ಕೂತಿದ್ದರೋ ಏನೋ, ಸುಮ್ನೆ ಯೋಚಿಸಿದೆ.

ಹೆಲ್ಸಿಂಕಿಯ ಆ ರೇಡಿಯೋ ವಾದ್ಯವೃಂದ 1927ರಲ್ಲಿ ಹತ್ತು ಜನರಿಂದ ಶುರುವಾದದ್ದು. ಈಗ ಮುಸೀಕ್ಕಿತಾಲೋದಲ್ಲೇ ನುಡಿಸುತ್ತಾರೆ. ಹೊರಡುವ ಎರಡು ದಿನ ಮುಂಚೆ ಅವರದೇ ಕಛೇರಿಗೆ ಟಿಕೆಟ್ ಸಿಕ್ಕಿತು. ಅಕ್ಕನಿಗೆ ಮಗಳ ಜ್ವರ, ಬರಲಿಲ್ಲ. ನಾನು ಒಬ್ಬನೇ ಹೋದೆ. ಸಮುದ್ರದ ಗಾಳಿಯಲ್ಲಿ ಕೈಗವಸು ಇಲ್ಲದೆ, ಕುತ್ತಿಗೆಗೆ ಏನೂ ಸುತ್ತಿಕೊಳ್ಳದೆ ಮೂರು ವಾರ ಸೈಕಲ್ ಹೊಡೆದದ್ದರ ಫಲ, ಗಂಟಲು ಆಗಲೇ ಕೆರೆಯುತ್ತಿತ್ತು. ಕೋಟು ಕೊಟ್ಟು ಚೀಟಿ ತೆಗೆದುಕೊಳ್ಳುವ ಸಾಲಿನಲ್ಲಿ ನಿಂತು ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡೆ.

ಮೊದಲರ್ಧ ಹೇಗೋ ಕಳೆಯಿತು. ಎರಡನೇ ಭಾಗದಲ್ಲಿ ಒಂದು ಕಡೆ ಪಿಟೀಲುಗಳೆಲ್ಲ ಸಣ್ಣಗಾಗುತ್ತಾ ಆಗುತ್ತಾ ದಾರದ ಎಳೆಯಷ್ಟಾಗಿ ನಿಂತವು. ಕಂಡಕ್ಟರ್ ಕೈ ಇಳಿಸಲಿಲ್ಲ. ಒಂದೂವರೆ ಸಾವಿರ ಜನ ಉಸಿರು ಬಿಡುತ್ತಿಲ್ಲ. ನನ್ನ ಗಂಟಲಿನಲ್ಲಿ ಇರುವೆ ಹತ್ತಿದಂತಾಯಿತು. ತಡೆದೆ. ಕಣ್ಣಲ್ಲಿ ನೀರು ಬಂತು. ಇನ್ನೂ ತಡೆದೆ. ಆಮೇಲೆ ಕೆಮ್ಮಿಯೇ ಬಿಟ್ಟೆ, ಒಂದಲ್ಲ, ಎರಡು ಸಲ. ಯಾರೂ ತಿರುಗಿ ನೋಡಲಿಲ್ಲ. ನೋಡಿದ್ದರೇ ವಾಸಿ ಅನ್ನಿಸಿತು.

ಕಛೇರಿ ಮುಗಿದಾಗ ಒಂಬತ್ತು ದಾಟಿತ್ತು, ಇನ್ನೂ ಬೆಳಕು. ಕಾಡಿನ ದಾರಿಯಲ್ಲಿ ನಿಧಾನವಾಗಿ ಸೈಕಲ್ ತುಳಿದುಕೊಂಡು ಮನೆ ಸೇರಿದೆ. ಅಕ್ಕ ಅಡುಗೆಮನೆಯಲ್ಲಿ ಇದ್ದಳು, ಕಿಟಕಿಯ ಹತ್ತಿರ ರೇಡಿಯೋ. ನೇರ ಪ್ರಸಾರ ಇತ್ತು ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಶುಂಠಿ ಕಷಾಯದ ಲೋಟ ಮುಂದಿಟ್ಟು ಕೇಳಿದಳು, "ಆ ಕೆಮ್ಮು ನಿಂದೇ ತಾನೆ?"